ನಿಮ್ಮ ಸೈನ್ಯನ ಬಣ್ಣ ಹೊಡೆಸೋಕೆ ಕೊಡೋ ಮುಂಚೆ ಇದನ್ನ ಓದ್ಕೊಳ್ಳಿ

ಮೊದಲೇ ಹೇಳಿಬಿಡ್ತೀನಿ, ನನ್ನ ಯುದ್ಧದಾಟದ ಪುಟ್ಟ ಲೋಹದ ಸೈನಿಕರಿಗೆ ಬಣ್ಣ ಹೊಡೆದೋನ ಹೆಸರು ಕೇಳಬೇಡಿ. ಹೆಸರು ಹಾಕಿದ್ರೆ ಕೇಸ್ ಹಾಕ್ತೀನಿ ಅಂತ ಆ ಮನುಷ್ಯ ಮೆಸೇಜ್ ಕಳಿಸಿದಾನೆ. ಕೇಸ್ ಹಾಕಬೇಕಾದೋನು ನಾನು! ಇರ್ಲಿ. ಹೆಸರು ಬೇಡ, ಆದ್ರೆ ಅವನು ಆಡಿದ ಮಾತೆಲ್ಲ ಹಾಗ್ಹಾಗೇ ಬರೀತೀನಿ. ನಿಮ್ಮ ಹತ್ರ ಯಾರಾದ್ರೂ ಇದೇ ಧಾಟಿಯಲ್ಲಿ ಮಾತಾಡಿದ್ರೆ ಅಲ್ಲಿಂದ ಎದ್ದು ಬನ್ನಿ.

16,780 ರೂಪಾಯಿ. ಮೂರು ತಿಂಗಳು ಅಂದಿದ್ದು ಏಳು ತಿಂಗಳು. ಕೊನೆಗೆ ಮನೆಗೆ ಬಂದಿದ್ದು ಹಸಿರು ಗಡ್ಡದ 64 ಜನ ಬಿಲ್ಲುಗಾರರು, ಅವರ ಕೈಯಲ್ಲಿ ಮುಕ್ಕಾಲು ಬಿಲ್ಲು. ಗಡ್ಡದ ವಿಷಯಕ್ಕೆ ಆಮೇಲೆ ಬರ್ತೀನಿ, ಅದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ಟೇಬಲ್ ಮೇಲೆ ಗೊಂಬೆ ಸೈನ್ಯ ನಿಲ್ಲಿಸಿ ಹಳೇ ಯುದ್ಧಗಳನ್ನ ಮತ್ತೆ ನಡೆಸೋ ಈ ಆಟ ಆಡೋರಿಗೆ ಗೊತ್ತು, ಸೈನ್ಯ ಅನ್ನೋದು ಒಂದೇ ದಿನ ಅಂಗಡಿಗೆ ಹೋಗಿ ಹೊತ್ಕೊಂಡು ಬರೋದಲ್ಲ. ಆನ್‌ಸೈಟ್ ಅಂತ ಎಂಟು ತಿಂಗಳು ಇಂಗ್ಲೆಂಡಲ್ಲಿ ಇದ್ದಾಗ ಅಂಟಿದ ಚಟ ನನ್ನದು. ಅಲ್ಲಿ ಚರ್ಚ್ ಹಾಲಲ್ಲಿ ಅರವತ್ತು ದಾಟಿದ ಗಂಡಸರು ಟೇಬಲ್ ಸುತ್ತ ನಿಂತ್ಕೊಂಡು ರೋಮ್, ಕಾರ್ತೇಜ್ ಅಂತ ದಾಳ ಉರುಳಿಸ್ತಾ ಇದ್ರು. ಅವರಲ್ಲೊಬ್ಬ ತಾತ, ನೀನು ಪೋರಸ್ ಸೈನ್ಯ ಯಾಕೆ ಕಟ್ಟಬಾರದು ಅಂತ ತಲೆಗೆ ಹುಳ ಬಿಟ್ಟ. ಕ್ರಿ.ಪೂ. 326, ಝೇಲಂ ನದಿ ದಂಡೆ, ಅಲೆಕ್ಸಾಂಡರ್ ಎದುರಿಗೆ ನಮ್ಮ ಪೌರವ, ಅಂದ್ರೆ ಅದೇ ಪೋರಸ್. ಗ್ರೀಕರ ಇತಿಹಾಸಕಾರ ಆರಿಯನ್ ಕೊಡೋ ಲೆಕ್ಕದಲ್ಲಿ 200 ಆನೆ, 300 ರಥ, 4,000 ಕುದುರೆ, 30,000 ಕಾಲಾಳು. ನನ್ನ ಲೆಕ್ಕದಲ್ಲಿ 6 ಆನೆ, 4 ರಥ, 12 ಕುದುರೆ, 88 ಕಾಲಾಳು. ಇಷ್ಟು ಕೂಡಿಸೋಕೆ ನಾಲ್ಕು ವರ್ಷ ಹಿಡೀತು. ಎಲ್ಲ 15 ಎಂಎಂ ಮೆಟಲ್ (ಒಬ್ಬ ಆಳು ಸುಮಾರು ಅಷ್ಟೆತ್ತರ), ಇಂಗ್ಲೆಂಡಿಂದ ತರಿಸಿದ್ದು, ಕಸ್ಟಮ್ಸ್ ಕಟ್ಟಿ ಬಿಡಿಸ್ಕೊಂಡಿದ್ದು, ಪ್ರತಿ ಪೊಟ್ಟಣಕ್ಕೂ ಮನೇಲಿ ಒಂದೊಂದು ಸುಳ್ಳು ಹೇಳಿದ್ದು.

ನಾನೇ ಯಾಕೆ ಪೇಂಟ್ ಮಾಡ್ಲಿಲ್ಲ ಅಂತೀರ? ಚಾಳೀಸು ಬಂದಿದೆ ಸ್ವಾಮಿ. ಎರಡು ಆಳಿಗೆ ಒಂದು ಭಾನುವಾರ ಪೂರ್ತಿ ಹೋಗತ್ತೆ. ಸೋಮವಾರ ಬೆಳಕಲ್ಲಿ ನೋಡಿದ್ರೆ ಕಣ್ಣು ಹಣೆ ಮೇಲಿರತ್ತೆ.

ಅದಕ್ಕೇ ಇವನನ್ನ ಹುಡುಕಿದ್ದು. ಊರಿನ ಹೆಸರೂ ಬೇಡ, ಕನ್ನಡದೋನೇ. ಫೋಟೋಗಳು ನೋಡ್ಬೇಕಿತ್ತು ನೀವು! ರೋಮನ್ ಗುರಾಣಿ ಮೇಲೆ ಮಿಂಚಿನ ಗೆರೆ, ಕುದುರೆ ಕಣ್ಣಲ್ಲಿ ಸೂಜಿಮೊನೆಯಷ್ಟು ಬಿಳಿ. ಕಾಲಾಳಿಗೆ 90, ಕುದುರೆಗೆ 160, ಆನೆಗೆ 450, ರಥಕ್ಕೆ 700, ಬೇಸಿಂಗ್, ಅಂದ್ರೆ ಆಳುಗಳನ್ನ ಚಪ್ಪಟೆ ತುಂಡಿನ ಮೇಲೆ ನಿಲ್ಲಿಸಿ ಅಂಟಿಸೋದು, ಒಂದು ಬೇಸಿಗೆ 40. ಒಟ್ಟು 36 ಬೇಸ್. ಅಡ್ವಾನ್ಸ್ ಹತ್ತು ಸಾವಿರ ಯುಪಿಐ ಮಾಡ್ದೆ. "ಸರ್, ನಿಮ್ಮಂಥ ಸೀರಿಯಸ್ ಕಸ್ಟಮರ್ ಸಿಗೋದೇ ಕಷ್ಟ ಸರ್" ಅಂದ. ಮೂಗಿಗೆ ತುಪ್ಪ.

ಜೊತೆಗೆ ಎರಡು ಪುಟ ಚೀಟಿ ಬರೆದು ಡಬ್ಬದಲ್ಲಿ ಇಟ್ಟೆ. ಕಷ್ಟಪಟ್ಟು ಬರೆದಿದ್ದು. ಅಲೆಕ್ಸಾಂಡರನ ನೌಕಾಪಡೆಯ ನಿಯರ್ಕಸ್ ಕಣ್ಣಾರೆ ಕಂಡು ಬರೆದಿದ್ದನ್ನ ಆರಿಯನ್ ಎತ್ತಿ ಬರೆದಿದಾನಲ್ಲ, ಅದನ್ನೇ ಸಣ್ಣದು ಮಾಡಿದ್ದೆ. ಇಂಡಿಯಾದೋರ ಬಟ್ಟೆ ಹತ್ತಿದು, ಬೇರೆ ಯಾವ ಬಟ್ಟೆಗಿಂತಲೂ ಬಿಳಿ, ಇಲ್ಲಾ ಮೈ ಕಪ್ಪಗಿರೋದ್ರಿಂದ ಹಾಗೆ ಕಾಣತ್ತೋ ಏನೋ ಅಂತಾನೆ. ಗುರಾಣಿ ಎತ್ತಿನ ಹಸಿ ಚರ್ಮದ್ದು. ಬಿಲ್ಲು ಆಳಿನಷ್ಟೇ ಎತ್ತರ, ಕೆಳತುದಿಯನ್ನ ನೆಲಕ್ಕೂರಿ, ಎಡಗಾಲಲ್ಲಿ ಒತ್ತಿ ಬಾಣ ಬಿಡ್ತಾರೆ. ಗಡ್ಡಕ್ಕೆ ಬಣ್ಣ ಹಚ್ಕೊಳ್ತಾರೆ, ಕೆಲವರು ನೀಲಿ, ಕೆಲವರು ಕೆಂಪು, ಕೆಲವರು ಹಸಿರು. ಇದು ಮಜವಾಗಿದೆ ಅಂತ, "ಎರಡು ಮೂರು ಆಳಿಗೆ ಹಾಗೆ ಮಾಡಿ" ಅಂತ ನಾನೇ ಬರೆದೆ. ನಾನೇ ಬರೆದೆ. ಬೇಸ್ ಮೇಲೆ ಕಂದು ಕೆಸರು ಇರ್ಲಿ, ಮಳೆ ಬಿದ್ದು ನೆಲ ಜಾರಿ ರಥ ಹೂತುಹೋದ ಯುದ್ಧ ಅದು ಅಂತಲೂ ಬರೆದೆ.

ಡಬ್ಬ ಹೋಯ್ತು. ಒಂದು ತಿಂಗಳು ಸದ್ದಿಲ್ಲ. ಆಮೇಲೆ "ಪ್ರೈಮರ್ ಆಗ್ತಿದೆ ಸರ್". ಮತ್ತೆ ಒಂದು ತಿಂಗಳು. "ಅಜ್ಜಿ ತೀರ್ಕೊಂಡ್ರು ಸರ್". ಪಾಪ ಅನ್ನಿಸ್ತು. "ಕೈ ಉಳುಕಿದೆ ಸರ್". ಪಾಪ. "ಮಳೆ ಸರ್, ಒಣಗ್ತಿಲ್ಲ". ಇದು ನಿಜವೇ ಇರಬಹುದು ಅಂದ್ಕೊಂಡೆ. ಐದನೇ ತಿಂಗಳಲ್ಲಿ ಮತ್ತೆ ಅಜ್ಜಿ ತೀರ್ಕೊಂಡ್ರು. ಎಲ್ಲರಿಗೂ ಇಬ್ಬರು ಅಜ್ಜಿ ಇರ್ತಾರೆ, ಕೇಳೋಕಾಗತ್ತಾ.

ಆರನೇ ತಿಂಗಳು ಒಂದು ರಾತ್ರಿ ಫೋಟೋ ಬಂತು. ಕೆಳಗೆ "ಸರ್ ನಿಮ್ಮ ಆನೆಗಳು ರೆಡಿ".

ಏನು ಆನೆಗಳು ಅಂತೀರ. ಬೂದು ಮೈ ಮೇಲೆ ಸುಕ್ಕು ಸುಕ್ಕಾಗಿ ತಿಳಿ ಬಣ್ಣ, ಕಿವಿ ಅಂಚಲ್ಲಿ ಗುಲಾಬಿ ಚುಕ್ಕೆ, ಕೆಂಪು ಜೂಲಿಗೆ ಹಳದಿ ಅಂಚು. ಒಂದೊಂದು ದಂತವೂ ಬೆಣ್ಣೆ ಥರ. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಐದು ನಿಮಿಷ ಆಗಿರಲಿಲ್ಲ, ಬಾಕಿ 6,780 ಕಳಿಸಿಬಿಟ್ಟೆ. ಅವನು ಕೇಳಿರ್ಲೂ ಇಲ್ಲ! ನಾನೇ ಕಳಿಸಿದೆ. ಇದನ್ನ ಬರೀಬೇಕಾದ್ರೆ ಈಗಲೂ ಮೈಯೆಲ್ಲ ಬಿಸಿ ಆಗತ್ತೆ.

ಖುಷಿಯಲ್ಲಿ ಹೆಂಡತಿಗೆ ತೋರಿಸಿದೆ. ಅವಳು ಈ ಗೊಂಬೆಗಳನ್ನ ಯಾವತ್ತೂ ನೆಟ್ಟಗೆ ನೋಡಿದೋಳಲ್ಲ. ದೊಡ್ಡದು ಮಾಡಿ ನೋಡಿ, "ಇದರಲ್ಲಿ ನೀವು ದಂತ ಕಟ್ಟಿದ್ದು ಯಾವುದ್ರೀ?" ಅಂದ್ಲು.

ಏನಾಗಿತ್ತು ಅಂದ್ರೆ, ಒಂದು ಆನೆಯ ಎಡದಂತ ಬರ್ತಾನೇ ಮುರಿದಿತ್ತು. ಊಟದ ಟೇಬಲ್ ಮೇಲೆ ಕೂತು, ಸಣ್ಣ ಡ್ರಿಲ್ಲಲ್ಲಿ ತೂತು ಮಾಡಿ, ಪೇಪರ್ ಕ್ಲಿಪ್ ಕತ್ತರಿಸಿ ಸೇರಿಸಿ, ಮೇಲೆ ಪುಟ್ಟಿ ಮೆತ್ತಿದ್ದೆ. ಸ್ವಲ್ಪ ಉದ್ದ ಆಗಿತ್ತು, ಹೊರಗಡೆಗೆ ಸೊಟ್ಟ. ಟೇಬಲ್ ಮೇಲೆ ಗೀರು ಬಿದ್ದಿದ್ದಕ್ಕೆ ಅವಳಿಗೆ ಆ ದಂತ ನೆನಪಿದೆ. ಫೋಟೋದಲ್ಲಿ ಆರು ಆನೆ, ಹನ್ನೆರಡು ದಂತ. ಹನ್ನೆರಡೂ ನೆಟ್ಟಗೆ.

ಮೆಸೇಜ್ ಮಾಡ್ದೆ. ತಕ್ಷಣ ಬಂತು ಉತ್ತರ: "ಸರ್ ಅದನ್ನ ನಾನೇ ನೀಟ್ ಮಾಡ್ದೆ ಸರ್, ಎಕ್ಸ್‌ಟ್ರಾ ಚಾರ್ಜ್ ಇಲ್ಲ".

ನಾನು ಥ್ಯಾಂಕ್ಸ್ ಅಂದೆ. ಅಂದೆ! ಹೆಂಡತಿ ಏನೂ ಹೇಳ್ಲಿಲ್ಲ, ಲೈಟ್ ಆರಿಸಿ ಮಲಗಿದ್ಲು. ನಾನು ಮಾತ್ರ ಹನ್ನೆರಡು ಗಂಟೆವರೆಗೆ ಆ ದಂತಗಳನ್ನೇ ದೊಡ್ಡದು ಮಾಡಿ ಮಾಡಿ ನೋಡ್ತಾ, ಆಹಾ ಎಂಥ ಕೈ ಈ ಹುಡುಗಂದು ಅಂತ ಇದ್ದೆ.

ಪಾರ್ಸಲ್ ಬಂತು. ಬೂಟಿನ ಡಬ್ಬ, ಒಳಗೆ ಹಳೇ ಪೇಪರ್ ಮುದ್ದೆ. ಮೊದಲು ಕೈಗೆ ಸಿಕ್ಕಿದ್ದೇ ಅದೇ ಆನೆ. ಎಡದಂತ ಸೊಟ್ಟ. ಮೈಗೆ ಹೊಡೆದ ಬೂದು ಬಣ್ಣವನ್ನೇ ದಂತಕ್ಕೂ ಹೊಡೆದಿದಾನೆ, ತುದೀಲಿ ಬಣ್ಣ ಸುಲಿದು ನನ್ನ ಪೇಪರ್ ಕ್ಲಿಪ್ ಹೊಳೀತಾ ಇದೆ.

ಆಮೇಲಿಂದು ಬರೆದ್ರೆ ಹೊಟ್ಟೆ ಉರಿಯತ್ತೆ, ಆದ್ರೂ ಬರೀತೀನಿ. ಬಿಳಿ ಬಟ್ಟೆ ಅಂದಿದ್ದು ಕಿತ್ತಳೆ, ನೇರಳೆ, ಗಿಳಿಹಸಿರು, ಪೌರಾಣಿಕ ಸೀರಿಯಲ್ ಥರ. ಅದರ ಮೇಲೆ ಕಂದು ವಾಶ್, ಅಂದ್ರೆ ನೀರಾದ ಬಣ್ಣ, ಸುರಿದಿದಾನೆ, ಮುಖ ಎಲ್ಲ ಮುಳುಗಿ ಹೋಗಿದೆ. ಅದರ ಮೇಲೆ ಮಳೇಲಿ ಮ್ಯಾಟ್ ವಾರ್ನಿಶ್ ಸ್ಪ್ರೇ. ತೇವದ ಹವೆಯಲ್ಲಿ ಅದನ್ನ ಹೊಡೆದ್ರೆ ಬಿಳೀ ಪೊರೆ ಕಟ್ಟತ್ತೆ ಅಂತ ಈ ಕೆಲಸ ಒಂದು ವಾರ ಮಾಡಿದೋರಿಗೂ ಗೊತ್ತು. ಇಡೀ ಸೈನ್ಯ ಬೂದಿಗುಂಡಿಯಿಂದ ಎದ್ದು ಬಂದ ಹಾಗಿದೆ. ಎರಡು ಪುಟದಲ್ಲಿ ಅವನು ಓದಿದ್ದು ಒಂದೇ ಸಾಲು, ಅದೂ ಅರ್ಧ: 64 ಬಿಲ್ಲುಗಾರರಿಗೂ ಹಸಿರು ಗಡ್ಡ. ಗಡ್ಡ ಇಲ್ಲದೋರ ಗಲ್ಲಕ್ಕೂ ಹಸಿರು.

ಬೇಸ್. ನಾವಾಡೋ ರೂಲ್ಸ್‌ಗಳಲ್ಲಿ 15 ಎಂಎಂ ಆಳುಗಳ ಬೇಸ್ ಮುಂಭಾಗ 40 ಎಂಎಂ ಇರ್ಬೇಕು, ಅಂಚಿಗೆ ಅಂಚು ಕೂತರೇನೇ ಸಾಲು. ಬಿಲ್ಲುಗಾರರ 16 ಬೇಸ್ ಜೋಡಿಸಿದ್ರೆ 640 ಬರ್ಬೇಕು. ಟೇಪ್ ಹಿಡಿದೆ, 661. ಒಂದು 38, ಒಂದು 43, ಕೈಯಲ್ಲೇ ಕತ್ತರಿಸಿದ ರಟ್ಟು. ಅದರ ಮೇಲೆ ನೀರು ನೀರಾದ ಫೆವಿಕಾಲ್ ಬಳಿದು, ಒಂದೇ ಕಡೆ ಒಣಗಿ, ಹಪ್ಪಳದ ಹಾಗೆ ಮುದುರಿದೆ. ಟೇಬಲ್ ಮೇಲೆ ಇಟ್ರೆ ಪೌರವನ ಸೈನ್ಯ ತೊಟ್ಟಿಲ ಥರ ತೂಗತ್ತೆ. ಕೆಸರು ಕೇಳಿದ್ದಕ್ಕೆ ಗಣೇಶನ ಮಂಟಪಕ್ಕೆ ಹಾಕ್ತಾರಲ್ಲ, ಆ ಹಸಿರು ಮರದ ಹೊಟ್ಟು.

ಇದೆಲ್ಲ ಸಹಿಸ್ಕೊಳ್ತಿದ್ದೆನೋ ಏನೋ. ಬಿಲ್ಲು. ಪ್ರತಿ ಬಿಲ್ಲಿನ ಕೆಳತುದಿ ಕತ್ತರಿಸಿದಾನೆ, ಕಟಿಂಗ್ ಪ್ಲೇಯರಲ್ಲಿ, ಕಚಕ್ ಅಂತ. ಭೂತಗನ್ನಡಿ ಹಿಡಿದು ನೋಡಿದೆ, ಕತ್ತರಿಸಿದ ಜಾಗ ಚಪ್ಪಟೆ, ಮೆಟಲ್ ಮಿಂಚ್ತಾ ಇದೆ. ಫೋನ್ ಮಾಡ್ದೆ.

"ಬೇಸಿಗೆ ತಾಗ್ತಿತ್ತು ಸರ್, ಅದಕ್ಕೇ ಟ್ರಿಮ್ ಮಾಡ್ದೆ."

"ತಾಗಬೇಕು ಕಣಯ್ಯಾ! ನೆಲಕ್ಕೂರೋ ಬಿಲ್ಲು ಅದು, ಚೀಟೀಲಿ ಬರೆದಿದ್ದೆನಲ್ಲ?"

"ಚೀಟಿ ಇತ್ತಾ ಸರ್?"

ಗಡ್ಡ ಮಾತ್ರ ಹೇಗೆ ಗೊತ್ತಾಯ್ತೋ ಹಾಗಾದ್ರೆ! ಬೂದಿ ಬಗ್ಗೆ ಕೇಳಿದೆ. "ಅದು ಡಸ್ಟ್ ಎಫೆಕ್ಟ್ ಸರ್, ಯುದ್ಧಭೂಮಿ ಅಲ್ವಾ." ಬೇಸ್ ಮುದುರಿದ್ದು? "ಸ್ವಲ್ಪ ಬಿಸಿಲಿಗೆ ಇಡಿ ಸರ್." ಕಿತ್ತಳೆ? "ಇಂಡಿಯನ್ ಆರ್ಮಿ ಅಂದ್ಮೇಲೆ ಕಲರ್‌ಫುಲ್ ಇರ್ಬೇಕಲ್ವಾ ಸರ್." ರಥದಲ್ಲಿ ಆರು ಜನ ಅಂತ ರೋಮಿನ ಇತಿಹಾಸಕಾರ ಕರ್ಟಿಯಸ್ ಬರೀತಾನೆ, ಇಬ್ಬರು ಗುರಾಣಿ, ಇಬ್ಬರು ಬಿಲ್ಲು, ಇಬ್ಬರು ಸಾರಥಿ. ನಾಲ್ಕು ರಥಕ್ಕೆ 24 ಆಳು ಕಳಿಸಿದ್ದೆ, ಬಂದಿದ್ದು 19. "ನೀವು ಕಳಿಸಿದ್ದೇ ಅಷ್ಟು ಸರ್." ಇಲ್ಲಿ ನನ್ನ ಬಾಯಿ ಕಟ್ಟಿತು. ಎಣಿಸಿ ಕಳಿಸಿದ್ದೆ, ಆದ್ರೆ ಫೋಟೋ ತೆಗೆದಿರಲಿಲ್ಲ.

ಕೊನೆಗೆ ಆನೆ ಫೋಟೋ ಕೇಳಿದೆ.

"ಅದು ರೆಫರೆನ್ಸ್ ಫೋಟೋ ಸರ್."

"ನಿಮ್ಮ ಆನೆಗಳು ರೆಡಿ ಅಂತ ಬರೆದಿದೀಯಲ್ಲಯ್ಯಾ?"

"ಆ ಥರ ರೆಡಿ ಆಗ್ತಿದೆ ಅಂತ ಅರ್ಥ ಸರ್."

"ದಂತ ನೀಟ್ ಮಾಡ್ದೆ ಅಂದಿದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂಕಲ್, ಸಣ್ಣ ಗೊಂಬೆಗೆ ಇಷ್ಟೊಂದು ಟೆನ್ಶನ್ ಯಾಕೆ ತಗೋತೀರ?" ದುಡ್ಡು ಕೈ ಸೇರೋವರೆಗೆ ಸರ್, ಸೇರಿದ್ಮೇಲೆ ಅಂಕಲ್.

ಅವತ್ತೇ ಆ ಫೋಟೋನ ಗೂಗಲ್‌ನಲ್ಲಿ ಹಾಕಿ ಹುಡುಕಿದೆ. ಎರಡು ನಿಮಿಷ. ಯಾರೋ ಯುರೋಪಿನೋರು ವರ್ಷಗಳ ಹಿಂದೆ ಹಾಕಿದ್ದು, ಬೇರೆ ಕಂಪನಿ ಆನೆಗಳು, ಮಾವುತನ ಪೇಟವೇ ಬೇರೆ. ಮೊದಲು ತೋರಿಸಿದ್ದ ರೋಮನ್ನರೂ ಇನ್ನೊಬ್ಬರದ್ದು. ಈ ಎರಡು ನಿಮಿಷದ ಕೆಲಸನ ಅಡ್ವಾನ್ಸ್ ಕೊಡೋ ಮುಂಚೆ ಮಾಡಿದ್ರೆ ಇವತ್ತು ಇದನ್ನ ಬರೀತಿರಲಿಲ್ಲ. ಸಾಫ್ಟ್‌ವೇರ್ ಕೆಲಸ ನನ್ನದು, ದಿನಾ ಹುಡುಗರಿಗೆ ಸ್ಯಾಂಪಲ್ ಡೇಟಾ ನಂಬಬೇಡಿ ಅಂತ ಪಾಠ ಹೇಳ್ತೀನಿ.

ಇನ್ನೂ ಒಂದಿದೆ. ಕಳೆದ ವಾರ ಅವನ ಸ್ಟೇಟಸ್: "ಒನ್ ಮೋರ್ ಹ್ಯಾಪಿ ಕ್ಲೈಂಟ್". ಫೋಟೋದಲ್ಲಿ ಇದ್ದಿದ್ದು ನನ್ನ ಸೈನ್ಯ ಅಲ್ಲ. ಅದೇ ಯುರೋಪಿನೋರ ಆನೆಗಳು.

ಕೊಡೋ ಹಾಗಿದ್ರೆ ಹೀಗೆ ಮಾಡಿ. ಮೊದಲು ಒಂದೇ ಒಂದು ಬೇಸ್ ಮಾಡಿಸಿ ಕೈಗೆ ತರಿಸ್ಕೊಳ್ಳಿ, ಸ್ಕೇಲ್ ಇಟ್ಟು ಅಳೀರಿ. ಕಳಿಸೋ ಮುಂಚೆ ಎಲ್ಲ ಹರಡಿ ಎಣಿಸಿ ಫೋಟೋ ತೆಗೀರಿ, ರಥದ ಆಳು ಸಮೇತ. ಬಾಕಿ ಕೊಡೋ ಮುಂಚೆ ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ಫೋಟೋ ಕೇಳಿ, ಕಿಡ್ನ್ಯಾಪ್ ಆದೋರದ್ದು ಕೇಳ್ತಾರಲ್ಲ ಹಾಗೆ. ಚೀಟಿ ಬರೆದ್ರೆ ಗಡ್ಡದ ವಿಷಯ ಮಾತ್ರ ಬರೀಬೇಡಿ. ಮತ್ತೆ, ಹೆಂಡತಿಗೆ ಫೋಟೋ ತೋರಿಸಿ, ದುಡ್ಡು ಕಳಿಸೋಕೆ ಮುಂಚೆ.

ಈಗ ಎಲ್ಲಾ ಆಳುಗಳೂ ಸರದಿ ಮೇಲೆ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಡೆಟಾಲ್ ಕುಡೀತಾ ಇದಾರೆ. ಒಂದು ರಾತ್ರಿ ನೆನೆದ್ರೆ ಹಲ್ಲುಜ್ಜೋ ಬ್ರಷ್ಷಿಗೆ ಬಣ್ಣ ಬಿಟ್ಕೊಳತ್ತೆ. ಪೂರ್ತಿ ಬಿಡೋವರೆಗೆ ನೀರು ತಾಗಿಸಬೇಡಿ, ತಾಗಿಸಿದ್ರೆ ಅಂಟಾಗಿ ಮತ್ತೆ ಹಿಡ್ಕೊಂಡುಬಿಡತ್ತೆ. ಪಕ್ಕದ ಮನೆ ಅಜ್ಜಿ ಬಂದು ಯಾರಿಗೆ ಏನಾಯ್ತಮ್ಮಾ, ಆಸ್ಪತ್ರೆ ವಾಸನೆ ಬರ್ತಿದೆ ಅಂತ ಕೇಳಿದ್ರಂತೆ. ಹೆಂಡತಿ ಏನು ಹೇಳಿದ್ಲೋ ನಾನು ಕೇಳ್ಲಿಲ್ಲ. ಬಿಲ್ಲುಗಳ ಕೆಳತುದಿಗೆ ತಾಮ್ರದ ತಂತಿ ಕೂರಿಸ್ತಾ ಇದೀನಿ, ನಿನ್ನೆ ರಾತ್ರಿಗೆ ಒಂಬತ್ತು ಆಗಿದೆ, ಇನ್ನೂ 55. ಒಬ್ಬ ಬಿಲ್ಲುಗಾರನ ಗಡ್ಡದ ಸಂದಿಯಲ್ಲಿ ಮಾತ್ರ ಹಸಿರು ಹೋಗ್ತಾನೇ ಇಲ್ಲ. ಅವನನ್ನ ಹಾಗೇ ಬಿಟ್ಟಿದೀನಿ.