ಕವರಿನ ಪ್ರಾಣಿ, ಹಸಿರು ಸಿಪಾಯಿ: ವರ್ಷಗಟ್ಟಲೆ ಆಡಿದ ಮೇಲೆ

ಫ್ಯಾನ್ಸಿ ಸ್ಟೋರಿನಲ್ಲಿ, ಜಾತ್ರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಕವರಿಗೆ ತುಂಬಿ ನೇತುಹಾಕಿರುತ್ತಾರಲ್ಲ, ಕಾಡುಪ್ರಾಣಿ, ಡೈನೋಸಾರ್, ಹಸಿರು ಸಿಪಾಯಿ, ಅವುಗಳ ವಿಮರ್ಶೆ ಇದು. ನಾನು ಕೊಂಡವೆಲ್ಲ ನೂರು, ನೂರೈವತ್ತರ ಆಸುಪಾಸಿನವು. ಕಂಪನಿ ಹೆಸರು ಇದ್ದದ್ದೇ ಅಪರೂಪ.

ನಮ್ಮ ಮನೆಯಲ್ಲಿ ಊಟದ ಮೇಜೇ ರಣರಂಗ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆಯುವ ಆಟವಾದರೆ ಮಗಳ ನೀಲಿ ವೇಲೇ ನರ್ಮದೆ. ಹರ್ಷನ ಆನೆ ನದಿ ದಾಟಬೇಕೆಂದರೆ ದಾಳದಲ್ಲಿ ಐದೋ ಆರೋ ಬೀಳಬೇಕು. ಚಾಲುಕ್ಯರ ಕಡೆಯವನ ಕೈಗೆ ರೈಫಲ್ ಎಲ್ಲಿಂದ ಬಂತು ಅಂತ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಅಳತೆಗೆ ತಾಳಮೇಳವಿಲ್ಲ ಅನ್ನುವುದು ಎಲ್ಲರ ದೂರು. ನಿಜವೇ. ಜಿರಾಫೆ ಜಿಂಕೆಯಷ್ಟಿರುತ್ತದೆ, ಹುಲಿ ಸಿಪಾಯಿಯ ಮೂರರಷ್ಟು. ಡೈನೋಸಾರ್ ಪ್ಯಾಕೆಟ್ಟಿನಲ್ಲಿ ಯಾವ ಜಾತಿಗೂ ಸೇರದ, ಬೆನ್ನ ಮೇಲೆ ಗರಗಸ ಹೊತ್ತ ಒಂದಾದರೂ ಪ್ರಾಣಿ ಇದ್ದೇ ಇರುತ್ತದೆ. ನನಗೆ ಬೇಕಾದದ್ದೂ ಅದೇ. 1974ರಲ್ಲಿ ಬಂದ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ರಾಕ್ಷಸರೊಡನೆ ಕಾದಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಇಂಥದ್ದೇ ಅಗ್ಗದ ಹಾಂಗ್‌ಕಾಂಗ್ ಗೊಂಬೆಗಳನ್ನು ಮೇಜಿನ ಮೇಲಿಟ್ಟು ಆಡುತ್ತಿದ್ದವರು. ಆ ಆಟದ ಗೂಬೆ ಮೋರೆಯ ಕರಡಿ ಔಲ್‌ಬೇರ್, ಕಬ್ಬಿಣಕ್ಕೆ ತುಕ್ಕು ಹಿಡಿಸುವ ರಸ್ಟ್ ಮಾನ್‌ಸ್ಟರ್ ಹುಟ್ಟಿದ್ದು ಆ ವಿಚಿತ್ರ ಗೊಂಬೆಗಳಿಂದಲೇ. ಅಚ್ಚುಕಟ್ಟಾದ ದುಬಾರಿ ಸಿಂಹ ಕೊನೆತನಕ ಸಿಂಹವಾಗಿಯೇ ಇರುತ್ತದೆ, ಇವು ವಾರಕ್ಕೊಂದು ಅವತಾರ ಎತ್ತುತ್ತವೆ.

ಇನ್ನು ಬಾಳಿಕೆ. ಸಿಪಾಯಿಗಳು ಮೆತ್ತನೆಯ ಪಾಲಿಥೀನ್, ತುಳಿದರೂ ಮುರಿಯುವುದಿಲ್ಲ. ಬಂದೂಕಿನ ನಳಿಗೆ, ಈಟಿ ಮಾತ್ರ ಕವರಿನಿಂದಲೇ ಸೊಟ್ಟಗೆ ಬರುತ್ತವೆ. ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿ, ಬೆರಳಲ್ಲಿ ನೆಟ್ಟಗೆ ಮಾಡಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ ಹಾಕಿದರೆ ಹೆಚ್ಚಿನವು ಸರಿಹೋಗುತ್ತವೆ. ಬಣ್ಣ ಹಚ್ಚುವ ಆಸೆ ಇಟ್ಟುಕೊಳ್ಳಬೇಡಿ, ಪಾಲಿಥೀನ್ ಮೇಲೆ ಅದು ನಿಲ್ಲದೆ ಚಕ್ಕೆ ಏಳುತ್ತದೆ. ಮೆತ್ತನೆಯ ಪಿವಿಸಿ ಪ್ರಾಣಿಗಳ ಕಥೆಯೇ ಬೇರೆ. ಬೇಸಿಗೆಯಲ್ಲಿ ಮೈಯೆಲ್ಲ ಜಿಗುಟಾಗಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ತಳವನ್ನೇ ಕರಗಿಸಿ ಅಂಟಿಕೊಳ್ಳುತ್ತವೆ. ನಮ್ಮವು ಈಗ ಹಳೇ ಬಟ್ಟೆಚೀಲದಲ್ಲಿವೆ. ದಸರೆ ಬಂದರೆ ಅಲ್ಲಿಂದೆದ್ದು, ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರಿನ ಕಾಡಿಗೆ ಹೋಗುತ್ತವೆ. ಅಲ್ಲಿ ಡೈನೋಸಾರಿಗೂ ಪ್ರವೇಶ ಉಂಟು, ಅಜ್ಜಿಯ ಆಕ್ಷೇಪಣೆಯ ನಡುವೆಯೂ.

ಸ್ಟಾರ್ ಕಡಿಮೆ ಮಾಡುವುದು ವಾಸನೆಗೆ. ಕೆಲವು ಪ್ಯಾಕೆಟ್ ಬಿಚ್ಚಿದರೆ ಸೀಮೆಎಣ್ಣೆ ನಾತ, ಅಂಥದ್ದನ್ನು ನಾನು ಮಕ್ಕಳ ಕೈಗೇ ಕೊಡುವುದಿಲ್ಲ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಜಾತ್ರೆಯಲ್ಲಿ ನಾನು ಕೊಂಡವುಗಳ ಮೇಲೆ ಅದನ್ನು ಕಂಡದ್ದು ಕಡಿಮೆ, ಹಾಗಾಗಿ ಈಗ ಗುರುತು ನೋಡಿಯೇ ಅಂಗಡಿಯಿಂದ ತರುತ್ತೇನೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸಿರುವ ಮನೆಗಂತೂ ಇವು ಬೇಡವೇ ಬೇಡ.

ಐದಕ್ಕೆ ನಾಲ್ಕು. ಕೊಳ್ಳುವಾಗ ಕವರನ್ನು ತಿರುಗಿಸಿ ಕಾಲಡಿಯ ಪಟ್ಟಿ ಅಗಲವಾಗಿದೆಯಾ ನೋಡಿ, ಇಲ್ಲದಿದ್ದರೆ ಫ್ಯಾನ್ ಹಾಕಿದೊಡನೆ ಸೈನ್ಯ ಮಲಗುತ್ತದೆ. ರಾವುತನೂ ಕುದುರೆಯೂ ಬೇರೆಬೇರೆಯಾಗಿರುವ ಪ್ಯಾಕೆಟ್ ತರಬೇಡಿ. ನಮ್ಮಲ್ಲಿ ಕುದುರೆಗಳೆಲ್ಲ ಇವೆ, ರಾವುತರು ಸೋಫಾ ಸಂದಿಯಲ್ಲಿದ್ದಾರೆ.