ರೋಮ್‌ನಲ್ಲಿ ಅರ್ಧ ದಿನ: ಸಾಂತಾ ಸಬೀನಾನೋ, ಸಾನ್ ಕ್ಲೆಮೆಂಟೆನೋ?

ಆರಂಭಕಾಲದ ಚರ್ಚ್ ಹೇಗಿತ್ತೆಂದು ಒಂದೇ ನೋಟಕ್ಕೆ ತಿಳಿಯಬೇಕಾದರೆ ಅವೆಂಟೈನ್ ಗುಡ್ಡದ ಸಾಂತಾ ಸಬೀನಾಗೆ ಹೋಗಿ. 422–432ರ ಕಟ್ಟಡ. ಎರಡು ಸಾಲಿನಲ್ಲಿ 24 ಕೊರಿಂಥಿಯನ್ (ತಲೆಯಲ್ಲಿ ಎಲೆಗಳ ಕೆತ್ತನೆಯಿರುವ) ಕಂಬ, ಅವುಗಳ ಮೇಲೆ ಕಮಾನು, ಎತ್ತರದಲ್ಲಿ ಸಾಲು ಕಿಟಕಿ. ಆದರೆ ಈ ಸರಳತೆ ಪೂರ್ತಿ ಹಳೆಯದಲ್ಲ. ನಂತರದ ಅಲಂಕಾರಗಳನ್ನು 20ನೇ ಶತಮಾನದಲ್ಲಿ ಕಿತ್ತು ಹಾಕಿದ್ದಾರೆ. ನಿಜವಾದ ಆಸ್ತಿಯೆಂದರೆ 5ನೇ ಶತಮಾನದ ಮರದ ಬಾಗಿಲು. 28 ಫಲಕಗಳಲ್ಲಿ 18 ಉಳಿದಿವೆ. ಮೇಲ್ಗಡೆ ಎಡತುದಿಯ ಪುಟ್ಟ ಫಲಕದಲ್ಲಿ ಶಿಲುಬೆಗೇರಿದ ಕ್ರಿಸ್ತನಿದ್ದಾನೆ. ಹೊರಮೊಗಸಾಲೆಯಲ್ಲಿ ಹುಡುಕದಿದ್ದರೆ ತಪ್ಪಿಹೋಗುತ್ತದೆ.

ಇತಿಹಾಸದ ಪದರಗಳು ಬೇಕಿದ್ದರೆ ಸಾನ್ ಕ್ಲೆಮೆಂಟೆಗೆ ಸಾಟಿ ಕಡಿಮೆ. ಮೇಲೆ 12ನೇ ಶತಮಾನದ ಚರ್ಚ್, ಕೆಳಗೆ 4ನೇ ಶತಮಾನದ್ದು, ಅದರಡಿ ರೋಮನ್ ಕಟ್ಟಡ ಮತ್ತು ರೋಮನ್ನರು ಪೂಜಿಸುತ್ತಿದ್ದ ಮಿತ್ರಾ (Mithras) ದೇವರ ಗುಡಿ. ಹಳೆಯದಕ್ಕೆ ಮಣ್ಣು ತುಂಬಿ ಅದರ ಮೇಲೇ ಹೊಸದನ್ನು ಕಟ್ಟಿದರು. 1857ರಲ್ಲಿ ಅಗೆತ ಶುರುವಾಯಿತು.

ಖರ್ಚು: ಸಬೀನಾ ಉಚಿತ, ಕ್ಲೆಮೆಂಟೆಯ ನೆಲದಡಿಗೆ ಟಿಕೆಟ್ ಬೇಕು. ಮೊಣಕಾಲು ನೋವಿದ್ದರೆ ಆ ಮೆಟ್ಟಿಲು, ತೇವ ಎರಡೂ ಕಷ್ಟ. ಸಬೀನಾಗೂ ಗುಡ್ಡ ಹತ್ತಬೇಕೆನ್ನಿ. ಕೊಲೊಸಿಯಂ ನೋಡುವ ದಿನವಾದರೆ ಕ್ಲೆಮೆಂಟೆ ಕೂಗಳತೆಯಲ್ಲೇ ಇದೆ.