ಸೀಸ ಪತ್ತೆ ಕಡ್ಡಿ: ಕಿಟಕಿ ಬಣ್ಣಕ್ಕೆ ಸರಿ, ಬೀದಿ ಧೂಳಿಗೆ ಬೇಡ

ಆನ್‌ಲೈನ್‌ನಲ್ಲಿ ಸಿಗುವ ಈ ಕಡ್ಡಿಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ರೋಡಿಜೋನೇಟ್ ಎಂಬ ರಾಸಾಯನಿಕ. ಸೀಸ ತಾಗಿದರೆ ಅದು ಗುಲಾಬಿ ಅಥವಾ ಕೆಂಪಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಹಳೇ ಮನೆಗಳ ಕಿಟಕಿ, ಗ್ರಿಲ್, ತೊಟ್ಟಿಲುಗಳ ಬಣ್ಣ ನೋಡಲು ಕೊಳ್ಳಬಹುದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎಣ್ಣೆಬಣ್ಣವನ್ನೆಲ್ಲ ಅನುಮಾನದಿಂದಲೇ ನೋಡಬೇಕು.

ಬ್ಲೇಡನ್ನು ಓರೆಯಾಗಿ ಹಿಡಿದು ಎಲ್ಲ ಪದರ ಕಾಣುವಂತೆ ಕೊಯ್ದು, ಅಲ್ಲಿ ಅರ್ಧ ನಿಮಿಷ ಉಜ್ಜಿ. ಮೇಲ್ಪದರಕ್ಕಷ್ಟೇ ಉಜ್ಜಿದರೆ ಅಡಿಯ ಹಳೇ ಬಣ್ಣ ತಪ್ಪಿಸಿಕೊಳ್ಳುತ್ತದೆ. ಗೋಡೆಯ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪುಡಿ ಸೇರಿದರೆ ಅದರ ಸಲ್ಫೇಟ್ ಅಡ್ಡಬಂದು, ಸೀಸ ಇದ್ದರೂ ಬಣ್ಣ ಮೂಡದೆ ಹೋಗಬಹುದು. ಬಣ್ಣ ಬಾರದಿದ್ದಾಗ ಕಿಟ್‌ನ ಕಾರ್ಡಿನ ಚುಕ್ಕೆಗೆ ಅದೇ ಕಡ್ಡಿ ಒತ್ತಿ ನೋಡಿ: ಕೆಂಪಾದರೆ ಮಾತ್ರ ಕಡ್ಡಿ ಕೆಲಸ ಮಾಡಿದೆ. ಆ ಚುಕ್ಕೆಯಲ್ಲಿ ಇರುವುದೂ ಸೀಸವೇ, ಮಕ್ಕಳ ಕೈಗೆ ಸಿಗಬಾರದು.

ರಸ್ತೆಯ ಧೂಳಿನ ವಿಷಯ ಬೇರೆ. ಧಾರವಾಡದ ಕೆಮ್ಮಣ್ಣು ಕಡ್ಡಿಗೆ ಮೆತ್ತಿದರೆ ಮಣ್ಣಿನ ಕೆಂಪು ಯಾವುದು, ಸೀಸದ ಕೆಂಪು ಯಾವುದು ತಿಳಿಯದು. ಹುಬ್ಬಳ್ಳಿಯ ಕಪ್ಪು ಎರೆಮಣ್ಣು ಗುಲಾಬಿ ಬಣ್ಣವನ್ನೇ ನುಂಗುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ಸಂಚಾರದ ಧೂಳಿನ ಮುಖ್ಯ ಲೋಹಗಳನ್ನು ಈ ಕಡ್ಡಿ ಗುರುತಿಸುವುದೇ ಇಲ್ಲ. ಟೈರ್ ಸವೆದರೆ ಸತು ಉದುರುತ್ತದೆ, ಬ್ರೇಕ್ ಪ್ಯಾಡ್ ಸವೆದರೆ ತಾಮ್ರ ಮತ್ತು ಆಂಟಿಮನಿ ಎಂಬ ಲೋಹ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಂಥ ಕಡೆ, ಹೆಜ್ಜೆಗೊಮ್ಮೆ ಬ್ರೇಕ್ ಒತ್ತುವಲ್ಲಿ, ಹುಡುಕಬೇಕಾದದ್ದು ಇವನ್ನೇ. ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತಾದರೂ ಸೀಸ ಕೊಳೆತು ಹೋಗುವ ವಸ್ತುವಲ್ಲ, ಹಳೆಯದು ಧೂಳಿನಲ್ಲಿ ಇನ್ನೂ ಇರಬಹುದು.

ಧೂಳು ನೋಡಲು ಕಡ್ಡಿ ಕೊಳ್ಳುವ ಹಣವನ್ನು ಓಣಿಯವರು ಕೂಡಿಸಿ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಡುವುದು ಒಳ್ಳೆಯದು. ಧೂಳಿನ ಮಾದರಿ ತೆಗೆಯುವ ಮುಂಚೆ ವಾರವಾದರೂ ಮಳೆ ಬಿದ್ದಿರಬಾರದು. ರಸ್ತೆಯಂಚಿನ ಐದು ಜಾಗಗಳಿಂದ ಪ್ಲಾಸ್ಟಿಕ್ ಬ್ರಷ್‌ನಲ್ಲಿ ಗುಡಿಸಿ, ಬೆರೆಸಿ, ಕಾಲು ಕಿಲೋದಷ್ಟು ಜಿಪ್ ಚೀಲಕ್ಕೆ ಹಾಕಿ. ತಗಡಿನ ಮೊರ ಬಳಸಿದರೆ ಅದರ ಸತುವೇ ವರದಿಯಲ್ಲಿ ಸೇರುತ್ತದೆ. 63 ಮೈಕ್ರಾನ್ ನೈಲಾನ್ ಜರಡಿಯಲ್ಲಿ ಸೋಸಲು ಪ್ರಯೋಗಾಲಯದವರನ್ನು ಕೇಳಿ, ಏಕೆಂದರೆ ಕೈಗೆ ಅಂಟುವುದೂ ಗಾಳಿಗೆ ಏಳುವುದೂ ಆ ನುಣ್ಣನೆಯ ಧೂಳೇ. ರಸ್ತೆಯಿಂದ ದೂರದ ಹೊಲದ ಅದೇ ಜಾತಿಯ ಮಣ್ಣನ್ನೂ ಜೊತೆಗೆ ಕೊಡಿ. ಇದನ್ನು ಬಿಡಲೇಬೇಡಿ: ಧಾರವಾಡ ಶಿಲಾಸಮೂಹದ ಕಪ್ಪು ಶಿಲೆಗಳಲ್ಲಿ ಕ್ರೋಮಿಯಂ, ನಿಕ್ಕಲ್ ಸಹಜವಾಗಿಯೇ ಹೆಚ್ಚಿರುತ್ತವೆ. ಹೋಲಿಕೆಯಿಲ್ಲದೆ ವಾಹನವನ್ನೋ ಕಾರ್ಖಾನೆಯನ್ನೋ ದೂರಿದರೆ ತಪ್ಪಾದೀತು.

ವರದಿ ಬರುವವರೆಗೆ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಪ್ಪಲಿ ಹೊರಗಿಡಿ, ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸಿ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಬಲ್ಲದು. ಕಿಟಕಿಯ ಬಣ್ಣ ಕಡ್ಡಿಯನ್ನು ಕೆಂಪು ಮಾಡಿದ್ದು, ಮನೆಯಲ್ಲಿ ಸಣ್ಣ ಮಗುವಿದ್ದರೆ ರಕ್ತದ ಸೀಸ ಪರೀಕ್ಷೆ ಮಾಡಿಸಿ. ರಕ್ತನಾಳದಿಂದಲೇ ತೆಗೆಸಿ; ಬೆರಳು ಚುಚ್ಚಿದರೆ ಚರ್ಮದ ಮೇಲಿನ ಧೂಳೂ ಲೆಕ್ಕಕ್ಕೆ ಬರಬಹುದು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.